ಹಾಸಿಗೆಗೂ ಬಾಡಿಗೆ, ಕಾಲಿಗೂ ಬಾಡಿಗೆ

ಒಂದು ವಸ್ತುವಿಗೆ ಒಂದೇ ಉದ್ದ ಇರುತ್ತದೆ ಎಂದು ನಂಬಿರುವವರು ಯಾಟ್ ಎಂಬ ಮೋಜಿನ ದೋಣಿ ಇಟ್ಟುಕೊಂಡವರನ್ನು ಒಮ್ಮೆ ಮಾತಾಡಿಸಿ ನೋಡಬೇಕು. ಇಂಥ ದೋಣಿಗಳನ್ನು ಕಟ್ಟಿಹಾಕುವ ತಂಗುದಾಣವೇ ಮರೀನಾ, ಅಲ್ಲಿನ ಬಾಡಿಗೆ ದೋಣಿಯ ಉದ್ದದ ಲೆಕ್ಕದಲ್ಲಿ. ಗೆಳೆಯರ ಮುಂದೆ 42 ಅಡಿ ಇದ್ದ ದೋಣಿ, ಮರೀನಾ ಕಚೇರಿಯ ಹೊಸ್ತಿಲು ದಾಟುವಷ್ಟರಲ್ಲಿ 38ಕ್ಕೆ ಇಳಿದಿರುತ್ತದೆ. ಉಪ್ಪುನೀರಿಗೆ ಕುಗ್ಗಿತೋ ಏನೋ!

ಮರೀನಾದವರು ಇಂಥ ಕುಗ್ಗಾಟವನ್ನೆಲ್ಲ ಕಂಡು ಪಳಗಿದವರು. ಮಾತು ಬೆಳೆಸದೆ ಟೇಪು ತೆಗೆಯುತ್ತಾರೆ. ಮೂತಿಯಿಂದಾಚೆ ಇಣುಕುವ ಲಂಗರಿನ ತುದಿಯಲ್ಲಿ ಶುರುವಾದ ಟೇಪು ಹಿಂಬದಿಯ ಈಜುಹಲಗೆ ದಾಟಿ, ಅಲ್ಲಿ ತೂಗುಹಾಕಿದ ರಬ್ಬರ್ ದೋಣಿಯನ್ನೂ ನುಂಗಿಯೇ ನಿಲ್ಲುವುದು. ಲಂಗರು ನೀರಿಗಿಳಿದರೆ ದೋಣಿಯನ್ನು ನಿಲ್ಲಿಸುತ್ತದೆ, ಮೇಲಿದ್ದರೆ ಬಾಡಿಗೆಯ ಬಿಲ್ಲನ್ನು ಓಡಿಸುತ್ತದೆ.

ಅಳತೆ ಮುಗಿದರೆ ಲೆಕ್ಕ ಮುಗಿಯಿತೇ? 12 ಮೀಟರಿನ ಬರ್ತಿನಲ್ಲಿ, ಅಂದರೆ ಒಂದು ದೋಣಿ ನಿಲ್ಲುವ ಜಾಗದಲ್ಲಿ, ಹತ್ತೂವರೆ ಮೀಟರಿನ ದೋಣಿ ನಿಲ್ಲಿಸಿದರೆ ಬಹಳ ಕಡೆ 12ಕ್ಕೇ ದುಡ್ಡು. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂದ ಹಿರಿಯರಿಗೆ ಮರೀನಾ ಗೊತ್ತಿರಲಿಲ್ಲ. ಇಲ್ಲಿ ಕಾಲು ಗಿಡ್ಡವಾದರೆ ಹಾಸಿಗೆಗೆ ಬಾಡಿಗೆ, ಉದ್ದವಾದರೆ ಕಾಲಿಗೆ. ಮಿಕ್ಕ ಒಂದೂವರೆ ಮೀಟರ್ ನೀರಿನಲ್ಲಿ ಮೀನುಗಳು ಪುಕ್ಕಟೆ ಓಡಾಡಿಕೊಂಡಿವೆ. ಅವಕ್ಕೂ ಟೇಪು ಹಿಡಿಯುವ ಯೋಚನೆ ಸದ್ಯಕ್ಕೆ ಯಾರಿಗೂ ಬಂದಂತಿಲ್ಲ. ಎರಡು ಒಡಲಿನ ಕಟಮರಾನ್ ದೋಣಿ ಆದರೆ ಬಾಡಿಗೆ ಒಂದೂವರೆ ಪಟ್ಟು, ಕೆಲವೆಡೆ ಎರಡು ಪಟ್ಟು.

ಮರೀನಾದವರ ಪರವಾಗಿಯೂ ಒಂದು ಮಾತು ಹೇಳಬೇಕು. ದೋಣಿ ಉದ್ದವಾದಂತೆ ಅಗಲವೂ ಆಗುತ್ತದೆ, ತಿರುಗಲು ಹೆಚ್ಚು ನೀರು ಬೇಕಾಗುತ್ತದೆ. ಹಾಗಾಗಿ ಮೀಟರುಗಳ ಜೊತೆಗೆ ಮೀಟರಿನ ದರವೂ ಏರುವುದುಂಟು. ಉದ್ದ ದುಪ್ಪಟ್ಟಾದರೆ ಖರ್ಚೂ ದುಪ್ಪಟ್ಟು ತಾನೇ ಎಂದು ಹಿಗ್ಗಿ ದೊಡ್ಡದನ್ನು ಕೊಂಡವನಿಗೆ ಗಣಿತ ಆಮೇಲೆ ತಲೆಗೆ ಹತ್ತುತ್ತದೆ: ಅದೇ ಆಕಾರದ ದೋಣಿಯ ಉದ್ದ ಎರಡರಷ್ಟಾದರೆ ತಳಕ್ಕೆ ಬಳಿಯುವ ಬಣ್ಣ ನಾಲ್ಕರಷ್ಟು, ಗಾತ್ರ ಎಂಟರಷ್ಟು. ಅದನ್ನು ನೀರಿನಿಂದ ಮೇಲೆತ್ತುವ ಕ್ರೇನಿನವನೂ ಮೊದಲು ಕೇಳುವುದು, "ಎಷ್ಟು ಮೀಟರ್?"

ದೋಣಿ ಕಟ್ಟುವವರು ಇದಕ್ಕೆಲ್ಲ ಮದ್ದು ಕಂಡುಕೊಂಡಿದ್ದಾರೆ. ಎಷ್ಟೋ ಯಾಟುಗಳ ಒಡಲಿನ ಉದ್ದ ಸರಿಯಾಗಿ 11.99 ಮೀಟರ್. ಇಟಲಿಯಲ್ಲಿ 10 ಮೀಟರ್ ಮೀರದ ದೋಣಿಗೆ ನೋಂದಣಿ ಬೇಡ, ಆದ್ದರಿಂದ 9.99ರ ದೋಣಿಗಳೂ ಉಂಟು. ಬಿಚ್ಚಿ ತೆಗೆಯಬಹುದಾದ ಭಾಗ ಒಡಲಿನ ಲೆಕ್ಕಕ್ಕೆ ಬರುವುದಿಲ್ಲವೆಂದು ಅಂತರರಾಷ್ಟ್ರೀಯ ಮಾನದಂಡವೇ ಹೇಳುತ್ತದೆ. ಹೀಗೆ ಕಾನೂನು ಬಿಚ್ಚಿಟ್ಟ ಹಲಗೆಯನ್ನು ಮರೀನಾ ಮತ್ತೆ ಜೋಡಿಸಿ ಅಳೆಯುತ್ತದೆ. ಜಾಣತನವೇನೂ ಹೊಸದಲ್ಲ. ಹಿಂದೆ ಡೆನ್ಮಾರ್ಕಿನವರು ತಮ್ಮ ಜಲಸಂಧಿಯಲ್ಲಿ ಹಡಗಿನ ಮೇಲಟ್ಟ (ಡೆಕ್) ಅಳೆದು ಸುಂಕ ಹಾಕುತ್ತಿದ್ದರಂತೆ. ಡಚ್ಚರು ಮೇಲೆ ಕಿರಿದು, ಕೆಳಗೆ ಡೊಳ್ಳುಹೊಟ್ಟೆಯ ಹಡಗು ಕಟ್ಟಿ ನಗುತ್ತ ದಾಟಿದರಂತೆ.

ಒಂದು ಸೆಂಟಿಮೀಟರ್ ಕತ್ತರಿಸಲು ಒದ್ದಾಡುವವರು ಬಡ ಶ್ರೀಮಂತರು. ನಿಜವಾದ ಶ್ರೀಮಂತರದ್ದು ಎಳೆಯುವ ಚಟ. 162 ಮೀಟರಿನ 'ದುಬೈ' ಎಂಬ ಯಾಟನ್ನು 2010ರಲ್ಲಿ ಬಂದ 'ಎಕ್ಲಿಪ್ಸ್' ಹಿಂದಿಕ್ಕಿದ್ದು ಬರೀ ಅರ್ಧ ಮೀಟರಿನಿಂದ. 2013ರಲ್ಲಿ 180 ಮೀಟರಿನ 'ಅಜ಼ಾಮ್' ಬಂದು ಅದನ್ನೂ ಹಿಂದೆ ಹಾಕಿತು. ಜೆಫ್ ಬೆಜೋಸ್ ಅವರ 'ಕೋರು' 127 ಮೀಟರ್, ಅದರ ಹಿಂದೆ ಸಾಮಾನು ಹೊತ್ತು ಬರುವ 'ಅಬಿಯೋನಾ' 75 ಮೀಟರ್. ಹಿಂಬದಿಗೆ ತೂಗುಹಾಕಿದ ರಬ್ಬರ್ ದೋಣಿಗೆ ಬಿಲ್ಲು ಕಟ್ಟಿದ 38 ಅಡಿಯ ಯಜಮಾನರು ಇದನ್ನೊಮ್ಮೆ ಓದಿಕೊಳ್ಳಲಿ. ಮುಂದಿನ ತಿಂಗಳ ಕಂತು ಕಟ್ಟಲು ಕಚೇರಿಗೆ ಹೋದಾಗ, ಆ ಟೇಪು 75 ಮೀಟರಿನವರೆಗೂ ಎಳೆದರೆ ಬರುತ್ತದೆಯೇ ಎಂದು ವಿಚಾರಿಸಿಯೂ ಬರಲಿ.