ಸತ್ಯಾಂಶ: ದಿನಕ್ಕೆ 10,000 ಹೆಜ್ಜೆ ಕಡ್ಡಾಯವೇ?

‘ದಿನಕ್ಕೆ 10,000 ಹೆಜ್ಜೆ ಹಾಕದಿದ್ದರೆ ನಡೆದೂ ಪ್ರಯೋಜನವಿಲ್ಲ’ ಎಂಬ ಸಂದೇಶ ದಾವಣಗೆರೆಯ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಹರಿದಾಡುತ್ತಿದೆ, ಇದು ನಿಜವಲ್ಲ. ಈ ಸಂಖ್ಯೆ ಬಳಕೆಗೆ ಬಂದದ್ದು ವೈದ್ಯಕೀಯ ಸಂಶೋಧನೆಯಿಂದಲ್ಲ, 1965ರ ಸುಮಾರಿಗೆ ಜಪಾನಿನ ಕಂಪನಿಯೊಂದು ಮಾರಿದ ಹೆಜ್ಜೆ ಎಣಿಸುವ ಸಾಧನದ ಪ್ರಚಾರದಿಂದ. ಅಮೆರಿಕದಲ್ಲಿ ಸರಾಸರಿ 72 ವರ್ಷದ ಮಹಿಳೆಯರನ್ನು ಗಮನಿಸಿ 2019ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ದಿನಕ್ಕೆ ಸುಮಾರು 2,700 ಹೆಜ್ಜೆ ನಡೆಯುವವರಿಗಿಂತ 4,400 ಹೆಜ್ಜೆ ನಡೆಯುವವರಲ್ಲಿ ಸಾವಿನ ಪ್ರಮಾಣ ಗಣನೀಯವಾಗಿ ಕಡಿಮೆಯಿತ್ತು. 7,500ರ ಆಚೆಗೆ ಹೆಚ್ಚಿನ ಲಾಭ ಕಾಣಲಿಲ್ಲ. ವಿಶ್ವ ಆರೋಗ್ಯ ಸಂಸ್ಥೆ ವಯಸ್ಕರಿಗೆ ಹೇಳುವುದು ವಾರಕ್ಕೆ ಕನಿಷ್ಠ 150 ನಿಮಿಷಗಳ ಸಾಧಾರಣ ಶ್ರಮದ ಚಟುವಟಿಕೆಯನ್ನು: ಕುಂದವಾಡ ಕೆರೆಯ ದಂಡೆಯಲ್ಲಿ, ಜೊತೆಯವರೊಡನೆ ಮಾತನಾಡಬಹುದಾದ ಆದರೆ ಹಾಡಲು ಉಸಿರು ಸಾಲದಂಥ ಬಿರುಸಿನಲ್ಲಿ ನಡೆದರೆ ಅದು ಈ ಲೆಕ್ಕಕ್ಕೆ ಸೇರುತ್ತದೆ. ಇಂಥ ಸಂದೇಶ ಓದಿ, ತಮ್ಮಿಂದಾಗದೆಂದು ಹಿರಿಯರು ನಡಿಗೆಯನ್ನೇ ಕೈಬಿಟ್ಟರೆ ಅದೇ ದೊಡ್ಡ ನಷ್ಟ. ಊಟದ ನಂತರದ ಹತ್ತು ನಿಮಿಷದ ನಿಧಾನ ನಡಿಗೆಯೂ ರಕ್ತದಲ್ಲಿ ಸಕ್ಕರೆ ಏರುವುದನ್ನು ತಗ್ಗಿಸುತ್ತದೆ.