ನೆಚ್ಕಬೋದಾ ಅಳಿಯಂದ್ರೇ?

ಮೈಸೂರಿನ ಕುವೆಂಪುನಗರದಲ್ಲಿ ನಮ್ಮ ಪಕ್ಕದ ಮನೆಯವರದ್ದೊಂದು ಮುದಿ ತೆಂಗಿನಮರ ಇದೆ. 2023ರ ಆಷಾಢದ ಗಾಳಿಯಲ್ಲಿ ಅದು ಎರಡು ಕಾಯಿಗಳನ್ನು ಗುರಿ ಇಟ್ಟು ಹೊಡೆದ ಹಾಗೆ ನಮ್ಮ ತಾರಸಿಯ ಸೋಲಾರ್ ವಾಟರ್ ಹೀಟರ್ ಮೇಲೆ ಹಾಕಿತು. ಗಾಜಿನ ಟ್ಯೂಬುಗಳು ಒಡೆದವು. ಟ್ಯಾಂಕಿನ ನೀರೆಲ್ಲ ಒಡೆದ ಟ್ಯೂಬಿನಿಂದಲೇ ಸುರಿದು, ಕೆಳಗೆ ಒಣಗಲು ಹಾಕಿದ್ದ ಹಪ್ಪಳ ತೊಯ್ದು, ಅಮ್ಮ ಮರಕ್ಕೆ ಹಾಕಬೇಕಾದ ಶಾಪವನ್ನು ನನಗೆ ಹಾಕಿದರು. ಮಾರನೇ ದಿನ ಪಕ್ಕದ ಮನೆಯವರು ಬಂದು, 'ನಮ್ಮ ಕಾಯಿ ಎರಡು ನಿಮ್ಮ ಕಡೆ ಬಿದ್ದಿರಬೇಕು' ಎಂದು ಕೇಳಿ ತೆಗೆದುಕೊಂಡು ಹೋದರು.

ಅಲ್ಲಿಂದ ಶುರುವಾಯಿತು ಗೀಸರ್ ಕಾಲ. ಮನೆಯಲ್ಲಿ ಐದು ಜನ. ದಿನಕ್ಕೆ 150 ಲೀಟರ್ ಬಿಸಿನೀರು ಅಂತ ಇಟ್ಟುಕೊಳ್ಳಿ. ಅಷ್ಟು ನೀರನ್ನು 25 ಡಿಗ್ರಿ ಮೇಲಕ್ಕೆ ಕಾಯಿಸಲು ಸುಮಾರು 4.4 ಯೂನಿಟ್ ಕರೆಂಟ್ ಬೇಕು. ಇದು ಯಾವ ಕಂಪನಿ ಗೀಸರ್ ಆದರೂ ಅಷ್ಟೇ, ನೀರಿಗೆ ಬ್ರಾಂಡ್ ಗೊತ್ತಾಗುವುದಿಲ್ಲ. ತಿಂಗಳಿಗೆ 130 ಯೂನಿಟ್ ಬರೀ ಸ್ನಾನಕ್ಕೇ ಹೋಯಿತು. ಅದೇ ಹೊತ್ತಿಗೆ ಗೃಹಜ್ಯೋತಿ ಬಂತು. 200 ಯೂನಿಟ್ ಒಳಗೆ ಇದ್ದರೆ ಮನೆಯ ಹಳೆಯ ಸರಾಸರಿಗೆ ಶೇಕಡಾ ಹತ್ತು ಸೇರಿಸಿದಷ್ಟು ಉಚಿತ, ಹೆಚ್ಚಾದದ್ದಕ್ಕೆ ಮಾತ್ರ ದುಡ್ಡು; 200 ದಾಟಿದರೆ ಪೂರ್ತಿ ಬಿಲ್ಲು ಕಟ್ಟಬೇಕು. ಇಡೀ ಬೀದಿ ಸೊನ್ನೆ ಬಿಲ್ಲು ಹಿಡಿದುಕೊಂಡು ನಗುತ್ತಿರುವಾಗ ನಮ್ಮದು ಪ್ರತಿ ತಿಂಗಳು 230, 235. ಮೀಟರ್ ಓದಲು ಬರುವ ಹುಡುಗ ಕೂಡ 'ಸ್ವಲ್ಪದರಲ್ಲಿ ತಪ್ಪಿಹೋಯ್ತಲ್ಲ ಸಾರ್' ಎಂದು ನೊಂದುಕೊಂಡು ಚೀಟಿ ಕೊಡುತ್ತಿದ್ದ.

ಇಂಥ ಸಂಕಟದಲ್ಲಿ ನನಗೆ ಹೀಟ್ ಪಂಪ್ ಎಂಬ ಪದಾರ್ಥ ಗೊತ್ತಾಯಿತು. ಫ್ರಿಜ್ಜಿನ ಹಿಂಬದಿಗೆ ಕೈಯಿಟ್ಟು ನೋಡಿದ್ದೀರಲ್ಲ, ಬೆಚ್ಚಗಿರುತ್ತದೆ. ಒಳಗಿನ ತರಕಾರಿಯ ಶಾಖವನ್ನು ಕಿತ್ತು ಹಿಂದೆ ಬಿಸಾಡುತ್ತದೆ ಫ್ರಿಜ್ಜು. ಹೀಟ್ ಪಂಪ್ ಗೀಸರ್ ಮಾಡುವುದೂ ಅದನ್ನೇ, ಆದರೆ ಉಲ್ಟಾ. ಸುತ್ತಲಿನ ಗಾಳಿಯ ಶಾಖ ಹೀರಿ ಟ್ಯಾಂಕಿನ ನೀರಿಗೆ ತುಂಬುತ್ತದೆ. ಕರೆಂಟ್ ಖರ್ಚಾಗುವುದು ನೀರು ಕಾಯಿಸುವುದಕ್ಕಲ್ಲ, ಶಾಖ ಹೊತ್ತು ತರುವ ಕೂಲಿಗೆ. ಹಾಗಾಗಿ ಒಂದು ಯೂನಿಟ್ ಕೊಟ್ಟರೆ ಹೆಚ್ಚುಕಡಿಮೆ ಮೂರು ಯೂನಿಟ್ಟಿನಷ್ಟು ಶಾಖ ಬರುತ್ತದೆ. ಇಷ್ಟು ಓದಿದ್ದೇ ತಡ, ನನಗೆ ರಾತ್ರಿ ನಿದ್ದೆ ಬರಲಿಲ್ಲ.

ನಿದ್ದೆ ಬರದಿದ್ದಕ್ಕೆ ಇನ್ನೊಂದು ಕಾರಣ ರೇಟು. ಒಳ್ಳೆಯ ಗೀಸರ್ ಹತ್ತು ಸಾವಿರಕ್ಕೆ ಬರುತ್ತದೆ, 200 ಲೀಟರಿನ ಈ ಮಹಾರಾಯನಿಗೆ ತೊಂಬತ್ತು ಸಾವಿರ ಕೇಳಿದರು. ನನ್ನ ಹೆಂಡತಿ ಹಾಲಿನ ಲೆಕ್ಕದ ಕ್ಯಾಲೆಂಡರ್ ಹಿಂದೆ ಗುಣಾಕಾರ ಮಾಡಿದಳು. ತಿಂಗಳಿಗೆ 87 ಯೂನಿಟ್ ಉಳಿತಾಯ, ಯೂನಿಟ್ಟಿಗೆ ಆರು ರೂಪಾಯಿ ಹತ್ತಿರ, ವರ್ಷಕ್ಕೆ ಆರು ಸಾವಿರ ಚಿಲ್ಲರೆ. "ರೀ, ದುಡ್ಡು ವಾಪಸ್ ಬರೋಕೆ ಹದಿನಾಲ್ಕು ವರ್ಷ ಬೇಕು. ಮಿಷಿನ್ ಬಾಳೋದು ಎಷ್ಟು ವರ್ಷ?" ಹತ್ತರಿಂದ ಹದಿನೈದು ಎಂದೆ. ಅವಳು ಏನೂ ಹೇಳಲಿಲ್ಲ, ಪೆನ್ನಿನ ಕ್ಯಾಪ್ ಹಾಕಿದಳು. ಆಗ ನಾನು ಬ್ರಹ್ಮಾಸ್ತ್ರ ತೆಗೆದೆ. 235 ಯೂನಿಟ್ 150ಕ್ಕೆ ಇಳಿದರೆ ಸೋಲಾರ್ ಕಾಲದ ಸರಾಸರಿ ದಾಟಿದಷ್ಟಕ್ಕೇ ಬಿಲ್ಲು, ಆಗ ಉಳಿಯುವುದು ತಿಂಗಳಿಗೆ ಸಾವಿರದ ಇನ್ನೂರರ ಹತ್ತಿರ, ಆರು ವರ್ಷ ಚಿಲ್ಲರೆಯಲ್ಲಿ ಅಸಲು ಕೈಗೆ. 'ಅಷ್ಟು ವರ್ಷ ಆ ಸ್ಕೀಮ್ ಇರುತ್ತಾ?' ಎಂದಳು. ಮಿಷಿನ್ನಿನ ಗ್ಯಾರಂಟಿ ಒಂದು ಕಡೆ, ಸರ್ಕಾರದ ಗ್ಯಾರಂಟಿ ಇನ್ನೊಂದು ಕಡೆ, ನಡುವೆ ನಾನು.

ಮಂಡ್ಯ ಕಡೆಯ ನಮ್ಮ ಮಾವ ಫೋನಿನಲ್ಲಿ ವಿಷಯ ಕೇಳಿ ಒಂದೇ ಒಂದು ಪ್ರಶ್ನೆ ಹಾಕಿದರು. "ಗಾಳೀಲಿ ನೀರ್ ಕಾಯ್ಸದು ಅಂದ್ರೆ ಏನ್ ಕಥೆ? ನೆಚ್ಕಬೋದಾ ಅಳಿಯಂದ್ರೇ?"

ಇದು ಹೊಸದೇನಲ್ಲ ಮಾವ ಎಂದು ನಾನು ಓದಿಕೊಂಡದ್ದನ್ನೆಲ್ಲ ಒದರಿದೆ. ಲಾರ್ಡ್ ಕೆಲ್ವಿನ್ 1852ರಲ್ಲೇ ಇದರ ತತ್ವ ಹೇಳಿದ್ದರು, 1856ರ ಹೊತ್ತಿಗೆ ಆಸ್ಟ್ರಿಯಾದಲ್ಲಿ ರಿಟ್ಟಿಂಗರ್ ಎನ್ನುವವರು ಉಪ್ಪುನೀರು ಇಂಗಿಸಿ ಉಪ್ಪು ತೆಗೆಯಲು ಇಂಥದ್ದೊಂದನ್ನು ಮಾಡಿಯೇಬಿಟ್ಟಿದ್ದರು. ಮಾವ ಸ್ವಲ್ಪ ಹೊತ್ತು ಸುಮ್ಮನಿದ್ದರು. "ನಮ್ ಶಿವನಸಮುದ್ರದಿಂದ 1902ರಲ್ಲೇ ಕೋಲಾರದ ಗಣಿಗೆ ಕರೆಂಟ್ ಹೋಯ್ತು. ನಮ್ಮೂರ್ಗೆ ಬಂದದ್ದು ನಾನು ಇಸ್ಕೂಲ್ ಬುಟ್ ಮ್ಯಾಲೆ. ಹಳೇದು ಅಂದ್ರೆ ಏನ್ ಬಂತು? ಕೆಟ್ರೆ ಯಾರ್ ರಿಪೇರಿ ಮಾಡ್ತರೆ, ಅದ್ ಯೋಳಿ." ಆಗ ಇದು ಹಳ್ಳಿಯವರ ಹೆದರಿಕೆ ಎಂದುಕೊಂಡೆ. ಇಡೀ ವಿಷಯದಲ್ಲಿ ಯಾರಾದರೂ ಕೇಳಿದ ಒಳ್ಳೆಯ ಪ್ರಶ್ನೆ ಅದೊಂದೇ ಎಂದು ತಿಳಿಯಲು ನನಗೆ ಒಂದು ದೀಪಾವಳಿ ಬೇಕಾಯಿತು.

ಮಿಷಿನ್ ಬಂತು. ಎತ್ತರಕ್ಕೆ ಬೀರು ಹಾಗೆ, ತಲೆ ಮೇಲೆ ಫ್ಯಾನು. ಎಲ್ಲಿಡುವುದು? ಅಡುಗೆಮನೆ ಪಕ್ಕದ ಸ್ಟೋರ್ ರೂಮಿನಲ್ಲಿ ಇಟ್ಟರೆ ಮಳೆ ಇಲ್ಲ, ಬಿಸಿಲಿಲ್ಲ, ತೆಂಗಿನಕಾಯಿಯಂತೂ ಇಲ್ಲವೇ ಇಲ್ಲ. ಹಾಕಲು ಬಂದ ಹುಡುಗ 'ರೂಮು ಚಿಕ್ಕದಾಯ್ತು ಅನ್ಸುತ್ತೆ ಸಾರ್' ಎಂದ. ಚಿಕ್ಕದಾದರೆ ನೀರು ಬೇಗ ಬಿಸಿಯಾಗುತ್ತೆ ಬಿಡಪ್ಪ ಎಂದೆ. ಪುಸ್ತಕದಲ್ಲಿ ಕನಿಷ್ಠ 700ರಿಂದ 1000 ಘನ ಅಡಿ ಗಾಳಿ ಇರಬೇಕು ಎಂದು ಸ್ಪಷ್ಟವಾಗಿ ಬರೆದಿತ್ತು, ನಮ್ಮ ಸ್ಟೋರ್ ರೂಮು ಅಳೆದರೆ 300. ಆದರೆ ಆ ಪುಸ್ತಕವನ್ನು ನಾನು ಓದಿದ್ದು ಎರಡು ವಾರ ಆದ ಮೇಲೆ. ಅದೂ ದೋಸೆ ಹಿಟ್ಟಿನ ದೆಸೆಯಿಂದ.

ಅಮ್ಮ ದೋಸೆ ಹಿಟ್ಟು ರುಬ್ಬಿ ಸ್ಟೋರ್ ರೂಮಿನಲ್ಲೇ ಇಡುವುದು ಹಿಂದಿನಿಂದ ಬಂದ ಪದ್ಧತಿ. ಮಿಷಿನ್ ಬಂದ ಮೇಲೆ ಹಿಟ್ಟು ಉಬ್ಬುವುದನ್ನೇ ಬಿಟ್ಟಿತು. ಮೊದಲ ದಿನ ಉದ್ದಿನಬೇಳೆ ಸರಿಯಿಲ್ಲ ಎಂದರು. ಎರಡನೇ ಸಲ ಅಂಗಡಿ ಬದಲಾಯಿಸಿದರು. ಮೂರನೇ ಸಲ ಗ್ರೈಂಡರ್ ಕಲ್ಲಿನ ಮೇಲೆ ಅನುಮಾನ ಬಂತು. ದೋಸೆ ಹೆಂಚಿನ ಮೇಲೆ ಚಪ್ಪಟೆಯಾಗಿ ಬಿದ್ದುಕೊಂಡು ನಮ್ಮನ್ನೇ ನೋಡುತ್ತಿತ್ತು. ಕೊನೆಗೆ ಒಂದು ಬೆಳಿಗ್ಗೆ ಅಮ್ಮ ಶಾಲು ಹೊದ್ದು ಸ್ಟೋರ್ ರೂಮಿಗೆ ಹೋಗುವುದನ್ನು ನೋಡಿ, ಏನಮ್ಮ ಇದು ಎಂದೆ. 'ಒಳಗೆ ಊಟಿ ಆಗಿದೆ ಕಣೋ' ಎಂದರು. ಹೋಗಿ ನೋಡಿದರೆ ನಿಜ. ಮಿಷಿನ್ನು ರೂಮಿನ ಶಾಖವನ್ನೆಲ್ಲ ಕುಡಿದು ತಣ್ಣನೆಯ ಗಾಳಿ ಉಗುಳಿ, ಆ ತಣ್ಣನೆಯ ಗಾಳಿಯನ್ನೇ ಮತ್ತೆ ಕುಡಿದು, ಹೀರಲು ಶಾಖವೇ ಇಲ್ಲದೆ ಮೂರು ಗಂಟೆ ಕೆಲಸಕ್ಕೆ ಆರು ಗಂಟೆ ಒದ್ದಾಡುತ್ತಿತ್ತು. ತಪ್ಪು ಅದರದ್ದಲ್ಲ. ಆದರೆ ಮನೆಯಲ್ಲಿ ಆ ವಾರವೆಲ್ಲ 'ತೊಂಬತ್ತು ಸಾವಿರದ ಫ್ರಿಜ್ಜು' ಎಂದೇ ಅದರ ಹೆಸರು. ಅಮ್ಮನಿಗೆ ಮಾತ್ರ ಒಂದು ಲಾಭವಾಯಿತು, ದೇವರಾಜ ಮಾರ್ಕೆಟ್ಟಿನಿಂದ ತಂದ ಮಲ್ಲಿಗೆ ಅಲ್ಲಿ ಮೂರು ದಿನ ಬಾಡುತ್ತಿರಲಿಲ್ಲ.

ಮತ್ತೆ ಕೂಲಿ ಕೊಟ್ಟು ಅದನ್ನು ಹಿತ್ತಲ ಕಡೆಯ ಯುಟಿಲಿಟಿಗೆ ಸಾಗಿಸಿದೆವು. ಅಲ್ಲಿ ಮೂರು ಕಡೆ ಗಾಳಿ, ಮೇಲೆ ಶೀಟು. ಒಂದು ವಾರ ಎಲ್ಲ ಸರಿಹೋಯಿತು. ಆಮೇಲೆ ಒಂದು ಬೆಳಿಗ್ಗೆ ನೋಡಿದರೆ ಕೆಳಗೆಲ್ಲ ನೀರು. ಟ್ಯಾಂಕ್ ತೂತಾಯಿತು ಎಂದು ನನ್ನ ಎದೆ ಧಸಕ್ ಎಂದಿತು. ಪ್ಲಂಬರ್ ಬಂದು ಬೆರಳಿನಲ್ಲಿ ನೀರು ಮುಟ್ಟಿ, ಮೂಸಿ, 'ಟ್ಯಾಂಕೇ ಹೋಗಿದೆ ಸಾರ್' ಎಂದು ಇನ್ನೂರು ರೂಪಾಯಿ ತೆಗೆದುಕೊಂಡು ಹೋದ. ನಮ್ಮ ಫ್ರಿಜ್ಜನ್ನು ಹದಿನೆಂಟು ವರ್ಷದಿಂದ ನೋಡಿಕೊಳ್ಳುತ್ತಿರುವ ಮೆಕ್ಯಾನಿಕ್ಕನ್ನು ಕರೆಸಿದೆ. ಅವರು ಮಿಷಿನ್ನಿನ ಸುತ್ತ ಒಂದು ಪ್ರದಕ್ಷಿಣೆ ಹಾಕಿ ನಕ್ಕರು. "ಇದು ಎಸಿ ನೀರು ಸಾರ್. ಗಾಳಿ ತಣ್ಣಗಾದರೆ ಅದರಲ್ಲಿರೋ ತೇವ ಹನಿಯಾಗಿ ಇಳಿಯುತ್ತೆ. ಪೈಪ್ ಬಿಚ್ಚಿಕೊಂಡಿದೆ ಅಷ್ಟೇ." ಸಿಕ್ಕಿಸಿ ಕೊಟ್ಟು, ಕಾಫಿ ಕುಡಿದು, ದುಡ್ಡು ಬೇಡ ಎಂದು ಹೋದರು. ಈಗ ಆ ಪೈಪಿನ ಕೆಳಗೊಂದು ಬಕೆಟ್ ಇದೆ, ಆ ನೀರು ದಾಸವಾಳಕ್ಕೆ.

ಸರಿ, ದೀಪಾವಳಿಗೆ ಬರುತ್ತೇನೆ. 2024ರಲ್ಲಿ ಅತ್ತೆ, ಮಾವ, ಬಾವಮೈದ, ಅವನ ಸಂಸಾರ ಎಲ್ಲ ನಮ್ಮಲ್ಲಿಗೇ ಬಂದರು. ನೀರು ತುಂಬುವ ಹಬ್ಬದ ಸಂಜೆ ನಾನು ಮಿಷಿನ್ನಿಗೆ ಅರಿಶಿನ ಕುಂಕುಮ ಹಚ್ಚಿ, ಡಿಸ್‌ಪ್ಲೇಯಲ್ಲಿ 55 ಡಿಗ್ರಿ ತೋರಿಸಿ, ನಾಳೆ ನರಕ ಚತುರ್ದಶಿ ಎಣ್ಣೆ ಸ್ನಾನಕ್ಕೆ ಯಾರೂ ಚಿಂತೆ ಮಾಡಬೇಡಿ ಎಂದು ಭಾಷಣ ಮಾಡಿದೆ. ಮಾವ ನಡುಮನೆಯಲ್ಲಿದ್ದ ತಾಮ್ರದ ಹಂಡೆಯನ್ನೇ ನೋಡುತ್ತಿದ್ದರು. ನಮ್ಮ ಮದುವೆಗೆ ಅವರೇ ಕೊಟ್ಟದ್ದು, ಈಗ ಅದರಲ್ಲಿ ಮನಿಪ್ಲಾಂಟ್ ಬೆಳೆದಿದೆ.

ಬೆಳಿಗ್ಗೆ ನಾಲ್ಕೂವರೆಗೆ ಶುರು. 200 ಲೀಟರ್ ಬಿಸಿನೀರಿಗೆ ತಣ್ಣೀರು ಬೆರೆಸಿದರೆ ಮುನ್ನೂರು ಲೀಟರ್ ಚೆನ್ನಾಗಿ ಬರುತ್ತದೆ. ಆದರೆ ಹರಳೆಣ್ಣೆ, ಸೀಗೆಪುಡಿ ಹಚ್ಚಿಕೊಂಡ ಮನುಷ್ಯ ತಲೆಗೇ ಅರವತ್ತು ಲೀಟರ್ ಸುರಿದುಕೊಳ್ಳುತ್ತಾನೆ. ಐದು ಜನಕ್ಕೆ ಮುಗಿಯಿತು. ಆರನೆಯವನು ಬಾವಮೈದ. ಕಣ್ಣಿನ ತುಂಬ ಸೀಗೆಪುಡಿ ಇಟ್ಟುಕೊಂಡು ಒಳಗಿಂದ 'ಬಾವಾ, ತಣ್ಣೀರ್ ಬತ್ತಾ ಅದೆ' ಎಂದು ಕೂಗಿದ. ಗೀಸರಾದರೆ ಹತ್ತು ನಿಮಿಷದಲ್ಲಿ ಮತ್ತೆ ಒಂದಿಷ್ಟು ಕಾಯಿಸಿಕೊಡುತ್ತದೆ. ಇದಕ್ಕೆ ಪೂರ್ತಿ ಟ್ಯಾಂಕಿಗೆ ಮೂರು ಗಂಟೆ. ಇಂಥ ಹೊತ್ತಿಗೆಂದೇ ಒಳಗೊಂದು ಮಾಮೂಲಿ ಕಾಯಿಲ್ ಇಟ್ಟಿರುತ್ತಾರೆ, ಯೂನಿಟ್ ಉಳಿಸಲು ಅದನ್ನು ನಾನೇ ಆಫ್ ಮಾಡಿದ್ದೆ. ಓಡಿಹೋಗಿ ಆನ್ ಮಾಡಿದೆ. ಅಷ್ಟರಲ್ಲಿ ಬೀದಿಯ ಎಲ್ಲ ಮನೆಯವರೂ ಎದ್ದು ಗೀಸರ್ ಹಾಕಿದ್ದರಲ್ಲ, ಟ್ಯೂಬ್‌ಲೈಟ್ ಪಕಪಕ ಎಂದಿತು, ಮಿಷಿನ್ನು ಕೊಂಯ್ ಎಂದು ನಿಂತಿತು. ಡಿಸ್‌ಪ್ಲೇಯಲ್ಲಿ ಯಾವುದೋ ಅಕ್ಷರ, ಯಾವುದೋ ಅಂಕಿ.

ಹಬ್ಬದ ಬೆಳಿಗ್ಗೆ ಐದು ಗಂಟೆಗೆ ಕಂಪನಿಯ ಸಹಾಯವಾಣಿಗೆ ಫೋನು ಮಾಡಿದವನು ಇಡೀ ಮೈಸೂರಿನಲ್ಲಿ ನಾನೊಬ್ಬನೇ ಇರಬೇಕು. ಮುಕ್ಕಾಲು ಗಂಟೆ ವಾದ್ಯ ಸಂಗೀತ ಕೇಳಿಸಿದ ಮೇಲೆ ಒಂದು ಹೆಣ್ಣುಮಗಳು, ಟೆಕ್ನೀಷಿಯನ್ ಬೆಂಗಳೂರಿನಿಂದ ಬರಬೇಕು, ಮುಂದಿನ ಗುರುವಾರ ಆಗಬಹುದಾ ಸರ್ ಎಂದಳು. ಬಾತ್‌ರೂಮಿನಲ್ಲಿ ಒಬ್ಬರು ನೊರೆ ಹಚ್ಚಿಕೊಂಡು ನಿಂತಿದ್ದಾರಮ್ಮ ಎಂದೆ. ಅದನ್ನೂ ಕಂಪ್ಲೇಂಟಿನಲ್ಲಿ ಬರೆದುಕೊಂಡಳು.

ಹಿತ್ತಲಿಗೆ ಬಂದು ನೋಡಿದರೆ ಮಾವ ಆಗಲೇ ಮನಿಪ್ಲಾಂಟ್ ಕಿತ್ತು ಪಕ್ಕಕ್ಕಿಟ್ಟು, ಹುಣಸೆಹಣ್ಣು ಹಾಕಿ ಹಂಡೆ ತಿಕ್ಕಿ, ಮೂರು ಕಲ್ಲು ಜೋಡಿಸಿ ಬೆಂಕಿ ಮಾಡಿದ್ದರು. ಸೌದೆ? ಪಕ್ಕದ ಮನೆಯ ಅದೇ ತೆಂಗಿನಮರದಿಂದ ನಮ್ಮ ಕಡೆ ಬಿದ್ದಿದ್ದ ಗರಿ, ಕೊತ್ತಳಿಗೆ. ಸದ್ಯ ಅದನ್ನು ಯಾರೂ ವಾಪಸ್ ಕೇಳಿರಲಿಲ್ಲ. ಅರ್ಧ ಗಂಟೆಯಲ್ಲಿ ನೀರು ಕಾದು, ಬಾವಮೈದನ ಕಣ್ಣು ತೆರೆಯಿತು. ಸ್ವಲ್ಪ ಹೊಗೆ ವಾಸನೆ ಇರುವ ಆ ನೀರಿನಲ್ಲಿ ಕೊನೆಗೆ ನಾನೂ ಸ್ನಾನ ಮಾಡಿದೆ. ಚೆನ್ನಾಗಿತ್ತು. ಅದನ್ನು ಯಾರಿಗೂ ಹೇಳಲಿಲ್ಲ. ಎಂಟು ಗಂಟೆಗೆ ವೋಲ್ಟೇಜ್ ಸರಿಯಾಗಿ ಮಿಷಿನ್ನು ತಾನಾಗಿಯೇ ಶುರುವಾಯಿತು. ಆ ಅಕ್ಷರಕ್ಕೆ ಅರ್ಥ 'ವೋಲ್ಟೇಜ್ ಕಡಿಮೆ, ಕಂಪ್ರೆಸರ್ ಸುಡಬಾರದೆಂದು ನಿಲ್ಲಿಸಿದೆ' ಅಂತ ಪುಸ್ತಕದಲ್ಲೇ ಇತ್ತು. ಕೆಟ್ಟಿರಲಿಲ್ಲ ಅದು, ಬುದ್ಧಿವಂತಿಕೆ ಮಾಡಿತ್ತು. ಮುಂದಿನ ಗುರುವಾರ ಟೆಕ್ನೀಷಿಯನ್ ಬರಲಿಲ್ಲ, ಅದು ಬೇರೆ ಮಾತು.

ಆಮೇಲೆ ಸ್ಟೆಬಿಲೈಸರ್ ಹಾಕಿಸಿದೆ. ಎರಡು ವರ್ಷ ಆದ ಮೇಲೆ ಫ್ರಿಜ್ ಮೆಕ್ಯಾನಿಕ್ ಒಳಗಿನ ಆನೋಡ್ ಕಡ್ಡಿ ಬಿಚ್ಚಿ ತೋರಿಸಿದರು. ಟ್ಯಾಂಕಿಗೆ ತುಕ್ಕು ಹಿಡಿಯದಿರಲಿ ಎಂದು ತಾನೇ ಸವೆದುಹೋಗುವ ಮೆಗ್ನೀಸಿಯಂ ಕಡ್ಡಿ ಅದು. ನಮ್ಮ ಸಂಪ್‌ಗೆ ಕಾವೇರಿ ನೀರು ಬರುವುದರ ಜೊತೆಗೆ ಬೋರಿನ ಗಡಸು ನೀರೂ ಸೇರುತ್ತದೆ. ಹೆಬ್ಬೆರಳು ದಪ್ಪ ಇದ್ದದ್ದು ಪೆನ್ಸಿಲ್ ಆಗಿತ್ತು. "ಇದನ್ನ ಬದಲಾಯಿಸ್ತಾ ಇದ್ರೆ ಟ್ಯಾಂಕ್ ಬಾಳುತ್ತೆ ಸಾರ್. ಕಂಪ್ರೆಸರ್ ಚಿಂತೆ ಬಿಡಿ, ಅದು ಫ್ರಿಜ್ಜಿನ ಜಾತಿ. ಹೋದರೆ ಬೋರ್ಡ್ ಹೋಗುತ್ತೆ, ಅದೂ ವೋಲ್ಟೇಜಿಗೆ." ಮಂಜು ಬೀಳುವ ದೇಶದವರು ಚಳಿಯಲ್ಲಿ ಇದು ಏಗುವುದಿಲ್ಲ ಎಂದು ಗೊಣಗುತ್ತಾರಂತೆ. ಮೈಸೂರಿನ ಡಿಸೆಂಬರ್ ಚಳಿ ಎಂದರೆ 16 ಡಿಗ್ರಿ, ಅದಕ್ಕೆ ನಾವು ಮಂಕಿ ಕ್ಯಾಪ್ ಹಾಕುತ್ತೇವೆ, ಮಿಷಿನ್ನಿಗೆ ಅದೊಂದು ಲೆಕ್ಕವೇ ಅಲ್ಲ. ಬಿಲ್ಲು? 150 ಯೂನಿಟ್ಟಿನ ಆಸುಪಾಸು. ಮೀಟರ್ ಹುಡುಗ ಈಗ ನಗುತ್ತಾನೆ.

ಹೋದ ತಿಂಗಳು ಮಾವ ಬಂದಿದ್ದರು. ಬೆಳಿಗ್ಗೆ ಯುಟಿಲಿಟಿಗೆ ಹೋದರೆ ಮಿಷಿನ್ನಿನ ಜಾಲರಿಗೆ ಒದ್ದೆ ಬಟ್ಟೆಯ ಗಂಟೊಂದು ಕಟ್ಟಿತ್ತು. ತಣ್ಣನೆಯ ಗಾಳಿ ಬರುವ ಜಾಗ ನೋಡಿಯೇ ಕಟ್ಟಿದ್ದಾರೆ. ಗಾಳಿಗೆ ಅಡ್ಡ ಆಗುತ್ತೆ ಮಾವ, ತೆಗೀರಿ ಎಂದೆ. ಅವರು ಗಂಟು ಬಿಚ್ಚಿ ಒಂದು ವೀಳ್ಯದೆಲೆ ತೆಗೆದು, ತೊಟ್ಟು ಮುರಿದು, ಪಂಚೆಗೆ ಒರೆಸಿ, ಬೆಳಕಿಗೆ ಹಿಡಿದು ನೋಡಿದರು.

"ಮೂರ್ ದಿನ ಆಯ್ತು ತಂದು. ಹೆಂಗದೆ ನೋಡಿ," ಎಂದರು ಸುಣ್ಣ ಹಚ್ಚುತ್ತಾ. "ನೆಚ್ಕಬೋದು ಬುಡಿ."