ಕಾಕು ಕಟ್ಟಿದ ಯಾಗಿ

ಮಳೆಗಾಲ ಮುಗಿದರೆ ಧಾರವಾಡದಲ್ಲಿ ಕೌದಿ ಒಗೆಯುವ ಸುಗ್ಗಿ. ಒದ್ದೆ ಕೌದಿಯ ಭಾರ ಹಿಂಡಿದವರಿಗೇ ಗೊತ್ತು. ಮಾಳಮಡ್ಡಿಯ ನಮ್ಮ ಮನೆ ಮಾಲಕರಾದ ಕಾಕು, ಜೋತುಬಿದ್ದ ನೈಲಾನ್ ಹಗ್ಗ ಕಿತ್ತೆಸೆದು ಜಿಐ ತಂತಿ ಬಿಗಿಸಿದರು. ದೂರದ ದೇಶಗಳ ಹವ್ಯಾಸಿಗಳ ಜೊತೆ ಮಾತಾಡುವ ನನ್ನ ಹ್ಯಾಮ್ ರೇಡಿಯೋಗೆ ಶನಿ ಹಿಡಿದದ್ದು ಆವತ್ತೇ.

ಟೆರೇಸಿನ ಮೇಲೆ ಉತ್ತರ-ದಕ್ಷಿಣವಾಗಿ 20 ಮೀಟರ್ ಬ್ಯಾಂಡಿನ ಡೈಪೋಲ್, ಅಂದರೆ ತಂತಿಯ ಆಂಟೆನಾ, ಕಟ್ಟಿದ್ದೇನೆ. 14.2 ಮೆಗಾಹರ್ಟ್ಸ್‌ಗೆ ತರಂಗದ ಅರ್ಧದಷ್ಟು, ಸುಮಾರು 10 ಮೀಟರ್ ತಂತಿ, ನಡುವಿನಿಂದ ಕೆಳಗಿಳಿಯುವ, ಒಳತಂತಿಯ ಸುತ್ತ ಜಾಲರಿ ಇರುವ ಕೋಆಕ್ಸ್ ಕೇಬಲ್. ಆಂಟೆನಾ ಕೇಬಲಿಗೆ ಎಷ್ಟು ಹೊಂದುತ್ತದೆಂದು ಹೇಳುವ ಎಸ್‌ಡಬ್ಲ್ಯುಆರ್ ಮೀಟರ್ (1ಕ್ಕೆ ಹತ್ತಿರವಿದ್ದಷ್ಟೂ ಒಳ್ಳೆಯದು) ಸದಾ 1.4 ತೋರಿಸುತ್ತಿತ್ತು. ಈಗ ನೋಡಿದರೆ 2.8! ಕನೆಕ್ಟರ್ ಬಿಚ್ಚಿ ಮತ್ತೆ ಬೆಸುಗೆ ಹಾಕಿದೆ, ಕೇಬಲ್ ಬದಲಿಸಿದೆ. ಮುಳ್ಳು ಜಗ್ಗಲಿಲ್ಲ. ಅಷ್ಟಾದರೂ ಪಶ್ಚಿಮದ ಕೀನ್ಯಾ ಖಣಖಣ ಕೇಳುತ್ತಿತ್ತು, ಪೂರ್ವದ ಥಾಯ್ಲೆಂಡ್ ಮಾತ್ರ ಮಾಯ.

ಮೇಲೆ ಹತ್ತಿ ನೋಡಿದರೆ ಡೈಪೋಲಿನ ಪೂರ್ವಕ್ಕೆ ಎರಡು ಮೀಟರ್ ಆಚೆ, ಅದಕ್ಕೆ ಸಮಾನಾಂತರವಾಗಿ ಕಾಕುವಿನ ತಂತಿ. ಟೇಪ್ ಹಿಡಿದೆ. ಹತ್ತೂವರೆ ಮೀಟರ್! ಅದಕ್ಕೆ ಕೇಬಲ್ ಇಲ್ಲ, ಕನೆಕ್ಷನ್ ಇಲ್ಲ. ಆದರೆ ಸಿತಾರಿನ ತರಫ್ ತಂತಿ ಯಾರೂ ಮುಟ್ಟದೆಯೇ ಮಿಡಿಯುತ್ತದಲ್ವಾ, ಇದೂ ಹಾಗೇ. ಡೈಪೋಲಿಗಿಂತ ಶೇಕಡಾ 5ರಷ್ಟು ಉದ್ದವಿದ್ದರೆ ಅದು ರಿಫ್ಲೆಕ್ಟರ್ ಆಗಿಬಿಡುತ್ತದೆ. ತನ್ನ ಕಡೆ ಬಂದ ಸಿಗ್ನಲನ್ನು ಎದುರು ದಿಕ್ಕಿಗೆ ನೂಕುತ್ತದೆ. ಅಷ್ಟು ಹತ್ತಿರವಿದ್ದರೆ ಡೈಪೋಲಿನ ಇಂಪೀಡೆನ್ಸನ್ನೂ (ಕರೆಂಟಿಗೆ ಒಡ್ಡುವ ತಡೆ) ಇಳಿಸುತ್ತದೆ, 50 ಓಮ್ ಕೇಬಲಿಗೆ ಹೊಂದಿಕೆ ತಪ್ಪುತ್ತದೆ. ಜಪಾನಿನ ಉಡಾ ಮತ್ತು ಯಾಗಿ 1926ರಲ್ಲಿ ಜಗತ್ತಿಗೆ ತಿಳಿಸಿದ ‘ಯಾಗಿ’ ಆಂಟೆನಾವನ್ನು ಕಾಕು ಕೌದಿ ಸಲುವಾಗಿ ಕಟ್ಟಿ ಕೂತಿದ್ದರು.

ಅವರ ತಕರಾರೂ ಒಂದಿತ್ತು. "ನೀ ಮಾತಾಡಿದಾಗೆಲ್ಲಾ ನಮ್ಮ ಭಜನಿ ಮೈಕಿನ್ಯಾಗ ಯಾರೋ ಗೊರಕಿ ಹೊಡೀತಾರಲ್ಲೋ!"

ಅದು ಕೇಬಲಿನ ಚಾಳಿ. ಕೋಆಕ್ಸಿನ ಜಾಲರಿಯ ಹೊರಮೈ ಮೇಲೂ ಒಂದಿಷ್ಟು ಕರೆಂಟ್ ಹರಿದು ಇಳಿಯುತ್ತದೆ. ಆಗ ಕೇಬಲ್ಲೂ ಆಂಟೆನಾದ ಪಾಲುದಾರ. ಅದು ಇಳಿಯುವುದು ಸರಿಯಾಗಿ ಕಾಕುವಿನ ದೇವರ ಮನೆ ಕಿಟಕಿ ಪಕ್ಕ. ಡೈಪೋಲಿನ ಬುಡದಲ್ಲೇ ಕೇಬಲನ್ನು ಏಳೆಂಟು ಸುತ್ತು ಸುತ್ತಿ, ಆ ಹೊರಮೈ ಕರೆಂಟ್ ತಡೆಯುವ ಚೋಕ್ ಮಾಡಿದೆ. ಗೊರಕೆ ನಿಂತಿತು.

ಉಳಿದದ್ದು ತಂತಿ. ತೆಗೆಯಿರಿ ಅನ್ನೋ ಧೈರ್ಯ ಬಾಡಿಗೆಯವನಿಗೆ ಎಲ್ಲಿಂದ ಬರಬೇಕು? ನಡುವೆ ಕತ್ತರಿಸಿ ಇನ್ಸುಲೇಟರ್ ಹಾಕಿದರೆ ಸಾಕು. ಐದೈದು ಮೀಟರಿನ ತುಂಡುಗಳು 20 ಮೀಟರ್ ಬ್ಯಾಂಡಿಗೆ ಸೊಪ್ಪು ಹಾಕುವುದಿಲ್ಲ. ಹುಬ್ಬಳ್ಳಿಯಿಂದ ಬಿಳಿ ಪಿಂಗಾಣಿಯ ದುಂಡನೆ ಇನ್ಸುಲೇಟರ್ ತಂದು ಬಿಗಿದೆ. ಮೀಟರ್ 1.4ಕ್ಕೆ ಇಳಿಯಿತು. ಥಾಯ್ಲೆಂಡ್ ವಾಪಸ್ ಬಂತು. ಅಷ್ಟರಲ್ಲಿ ಕಾಕು ಬುಟ್ಟಿ ಹಿಡಿದು ಮೇಲೆ ಬಂದರು.

"ಅಯ್ಯ, ಮಡಿ ಅರಿವಿ ಒಣಹಾಕೋ ತಂತಿಗೆ ತತ್ತಿ ಕಟ್ಟೀಯಲ್ಲೋ!"

"ತತ್ತಿ ಅಲ್ಲ ಕಾಕು, ಪಿಂಗಾಣಿ. ಕರೆಂಟ್ ಕಂಬದ ತಂತಿಗೂ ಇದನ್ನೇ ಹಾಕಿರ್ತಾರ."

ನಂಬಲಿಲ್ಲ. ಬುಟ್ಟಿ ಇಟ್ಟು ಬೀದಿಗಿಳಿದು, ಕಂಬದ ಬುಡದಲ್ಲಿ ನಿಂತು ಕತ್ತೆತ್ತಿ ನೋಡಿ ಬಂದರು.

"ಖರೇನ ಅದ. ಆದ್ರೂ ಏಕಾದಶಿ ದಿನಾ ಬಿಚ್ಚಿಡು."